ನೆರಳಿನ ಮೇಲೆ ನಡೆಯುವ ಆಟ

ಧಾರವಾಡದ ನಮ್ಮ ಮನೆಯ ಹಿತ್ತಲಿಗೆ ಪೂರ್ವದಲ್ಲಿ ಸುಣ್ಣ ಬಳಿದ ಗೋಡೆಯೊಂದಿದೆ. ಸಂಜೆ ಬಿಸಿಲು ಅಡ್ಡ ಬೀಳುವ ಹೊತ್ತಿಗೆ ಹಿತ್ತಲಿನಲ್ಲಿರುವುದೆಲ್ಲ ಅದರ ಮೇಲೆ ನೆರಳಾಗಿ ನಿಲ್ಲುತ್ತದೆ. ಗೋಡೆಗೆ ನಾಲ್ಕು ಅಡಿ ದೂರದಲ್ಲಿ ತುಳಸಿಕಟ್ಟೆ, ಅದರಿಂದಾಚೆ ಹತ್ತು ಹನ್ನೆರಡು ಅಡಿ ದೂರದಲ್ಲಿ ಸಿಮೆಂಟಿನ ನೀರಿನ ತೊಟ್ಟಿ. ಹಿತ್ತಲಿನಲ್ಲಿ ಇವೆರಡರ ನಡುವೆ ಹಾಸಿಗೆ ಹಾಕಿ ಮಲಗಬಹುದು. ಗೋಡೆಯ ಮೇಲೆ ಮಾತ್ರ ಎರಡರ ನೆರಳೂ ಅಂಟಿಕೊಂಡು ಒಂದೇ ಜಗುಲಿಯಂತೆ ಕಾಣುತ್ತವೆ.

ರಜೆಗೆ ಬಂದಿದ್ದ ಅಕ್ಕನ ಮಗನನ್ನು ಆ ಗೋಡೆಯ ಮುಂದೆ ನಿಲ್ಲಿಸಲು ಕಾರಣವಿತ್ತು. ಹಿಂದಿನ ರಾತ್ರಿ ಅವನು ‘ಫೆಜ್’ ಎಂಬ ವಿಡಿಯೊ ಗೇಮ್ ಆಡುತ್ತ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದ. "ಮಾಮಾ, ಆ ಗೋಪುರ ದೂರ ಇತ್ತು. ನೋಟ ತಿರುಗಿಸಿದ ಕೂಡಲೇ ಹತ್ತಿರ ಬಂದುಬಿಟ್ಟಿತು. ಗೋಪುರ ಜರುಗಿತೋ, ನಾನು ಜರುಗಿದೆನೋ?" ಎಂದು ಕೇಳಿದ್ದ. ಎರಡೂ ಜರುಗಿಲ್ಲ ಎಂದು ಬಾಯಲ್ಲಿ ಹೇಳಿದರೆ ಆ ವಯಸ್ಸಿನ ಹುಡುಗ ಒಪ್ಪುವುದಿಲ್ಲ. ಎರಡು ಬೆರಳನ್ನು ಕಾಲಿನಂತೆ ಮಾಡಿ ಗೋಡೆಯ ಮೇಲಿನ ನೆರಳಿನ ಅಂಚಿನಲ್ಲಿ ನಡೆಸು ಎಂದೆ. ಬೆರಳುಗಳು ತುಳಸಿಕಟ್ಟೆಯಿಂದ ಸೀದಾ ತೊಟ್ಟಿಯ ಮೇಲೆ ಕಾಲಿಟ್ಟವು. ನಡುವಿನ ಹತ್ತಡಿ ಎಲ್ಲಿ ಹೋಯಿತು ಎಂದು ಅವನು ಹಿಂದಿರುಗಿ ಹಿತ್ತಲನ್ನು ನೋಡಿದ.

ಫೆಜ್ ನಿಂತಿರುವುದೇ ಆ ಹತ್ತಡಿ ಕಾಣೆಯಾಗುವ ಸಂಗತಿಯ ಮೇಲೆ. ಅದನ್ನು ಆಡಿದವರು ‘ವಿಚಿತ್ರವಾಗಿದೆ’ ಎಂದು ಸುಮ್ಮನಾಗುವುದನ್ನು ಬಹಳ ಸಲ ಕೇಳಿದ್ದೇನೆ. ವಿಚಿತ್ರ ಅದರಲ್ಲಿ ಏನೂ ಇಲ್ಲ. ಅದರ ನಿಯಮ ಅತ್ಯಂತ ಕಟ್ಟುನಿಟ್ಟಾದದ್ದು, ಒಮ್ಮೆ ಹಿಡಿತಕ್ಕೆ ಬಂದರೆ ಕೊನೆಯವರೆಗೂ ತಪ್ಪುವುದಿಲ್ಲ. ಆ ನಿಯಮವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆಟದ ಪರಿಚಯ. ಕೆನಡಾದ ಮಾಂಟ್ರಿಯಲ್ ನಗರದ ಪಾಲಿಟ್ರಾನ್ ಎಂಬ ಪುಟ್ಟ ಸಂಸ್ಥೆ ಇದನ್ನು ತಯಾರಿಸಿತು. ವಿನ್ಯಾಸ ಫಿಲ್ ಫಿಶ್ ಅವರದು, ಪ್ರೋಗ್ರಾಮ್ ಬರೆದವರು ರೆನೋ ಬೆದಾರ್. ಸುಮಾರು ಐದು ವರ್ಷ ಕೆಲಸ ನಡೆದು 2012ರ ಏಪ್ರಿಲ್ 13ರಂದು ಮೈಕ್ರೊಸಾಫ್ಟ್ ಕಂಪನಿಯ ಆಟದ ಯಂತ್ರವಾದ ಎಕ್ಸ್‌ಬಾಕ್ಸ್ 360ರಲ್ಲಿ ಬಿಡುಗಡೆಯಾಯಿತು, ಮರುವರ್ಷ ಕಂಪ್ಯೂಟರಿಗೆ ಬಂತು. ದೊಡ್ಡ ಕಂಪನಿಯ ಆಟವೊಂದರ ಕೊನೆಯಲ್ಲಿ ಏರುವ ಹೆಸರುಗಳ ಪಟ್ಟಿಯನ್ನು ನೋಡಿದವರಿಗೆ, ಮುಖ್ಯ ಕೆಲಸವನ್ನೆಲ್ಲ ಇಬ್ಬರೇ ಹೊತ್ತದ್ದು ಎಂಥ ಮಾತು ಎಂಬುದು ತಿಳಿಯುತ್ತದೆ. ಸ್ವತಂತ್ರ ಆಟಗಳ ಉತ್ಸವವಾದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ 2012ರ ಅತ್ಯುನ್ನತ ಪ್ರಶಸ್ತಿ ಇದಕ್ಕೇ ಬಂತು.

ಕಥಾನಾಯಕ ಗೊಮೆಜ್ ಎಂಬ ಬೆಳ್ಳನೆಯ ಪುಟ್ಟ ಜೀವಿ. ಅವನ ಊರಿನವರೆಲ್ಲ ಜಗತ್ತು ಚಪ್ಪಟೆ ಎಂದೇ ನಂಬಿದವರು. ಒಂದು ದಿನ ಅವನ ತಲೆಗೆ ಕೆಂಪು ತುರ್ಕಿ ಟೋಪಿ ಬರುತ್ತದೆ, ಅದರ ಹೆಸರೇ ಫೆಜ್. ಆ ಗಳಿಗೆಯಿಂದ ಅವನಿಗೆ ಜಗತ್ತಿಗೆ ಇನ್ನೊಂದು ಮಗ್ಗುಲಿದೆ ಎಂದು ಕಾಣಿಸತೊಡಗುತ್ತದೆ. ಒಂದು ದೊಡ್ಡ ಚಿನ್ನದ ಘನ ಒಡೆದು ಚೂರಾಗುತ್ತದೆ, ಪರದೆ ಕಲಸಿಹೋಗುತ್ತದೆ, ಆಟವೇ ನಿಂತು ಕಂಪ್ಯೂಟರ್ ಹೊಸದಾಗಿ ಶುರುವಾದಂತೆ ತೋರುತ್ತದೆ. ನಮ್ಮ ಹುಡುಗ ಗಾಬರಿಯಾಗಿ ಪ್ಲಗ್ ನೋಡಲು ಎದ್ದಿದ್ದ. ಅದು ಕೆಡುವುದಲ್ಲ, ಕಥೆಯ ಭಾಗ. ಮುಂದೆ ಚೆಲ್ಲಾಪಿಲ್ಲಿಯಾದ ಆ ಘನಗಳನ್ನು ಊರೂರು ಅಲೆದು ಕೂಡಿಸುವುದೇ ಗೊಮೆಜನ ಕೆಲಸ.

ಇಂಥ ಆಟಗಳನ್ನು ‘ಪ್ಲಾಟ್‌ಫಾರ್ಮ್ ಆಟ’ ಎನ್ನುತ್ತಾರೆ. ಇಲ್ಲಿ ಪ್ಲಾಟ್‌ಫಾರ್ಮ್ ಎಂದರೆ ಕಾಲೂರಲು ಸಿಗುವ ಕಟ್ಟೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗಬೇಕು. ಸಾಮಾನ್ಯವಾಗಿ ಇಂಥ ಆಟದಲ್ಲಿ ಎದುರಾಗುವ ಕಷ್ಟ ಬೆರಳಿನದು: ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಬೇಕು, ತಪ್ಪಿದರೆ ಸಾವು. ಫೆಜ್‌ನಲ್ಲಿ ಶತ್ರುಗಳೇ ಇಲ್ಲ. ಪಾತಾಳಕ್ಕೆ ಬಿದ್ದರೂ ಆಟ ಗೊಮೆಜನನ್ನು ಎತ್ತಿ, ಕೊನೆಯದಾಗಿ ನಿಂತಿದ್ದ ಜಾಗದಲ್ಲಿ ಮತ್ತೆ ನಿಲ್ಲಿಸುತ್ತದೆ. ದಂಡ ಇಲ್ಲ, ಲೆಕ್ಕ ಇಲ್ಲ. ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದಾದ ಆಟ ಇದು ಎಂದು ನಾನು ಹೇಳುವುದು ಈ ಒಂದು ಕಾರಣಕ್ಕೆ. ಹೆದರಿಕೆ ಇಲ್ಲದಲ್ಲಿ ಮಕ್ಕಳು ನಿಂತು ನೋಡುತ್ತಾರೆ, ಈ ಆಟಕ್ಕೆ ಬೇಕಾದದ್ದೂ ನಿಂತು ನೋಡುವುದೇ.

ಈಗ ನಿಯಮಕ್ಕೆ ಬರೋಣ. ಆಟದ ಊರುಗಳು ನಿಜಕ್ಕೂ ಮೂರು ಆಯಾಮದವು. ಗೋಪುರಕ್ಕೆ ಮುಂಭಾಗ, ಹಿಂಭಾಗ, ಎರಡು ಪಕ್ಕಗಳಿವೆ. ಆದರೆ ಪರದೆ ಒಂದು ಸಲಕ್ಕೆ ಒಂದು ಮುಖವನ್ನಷ್ಟೇ ತೋರಿಸುತ್ತದೆ, ಅದೂ ಪೂರಾ ಚಪ್ಪಟೆಯಾಗಿ. ಒಂದು ಗುಂಡಿ ಒತ್ತಿದರೆ ಇಡೀ ಜಗತ್ತು ಕಾಲು ಸುತ್ತು, ಅಂದರೆ 90 ಡಿಗ್ರಿ, ತಿರುಗಿ ಮುಂದಿನ ಮುಖ ಎದುರಿಗೆ ಬರುತ್ತದೆ. ತಿರುಗುವಷ್ಟು ಹೊತ್ತು ಕಾಲವೇ ನಿಂತಿರುತ್ತದೆ, ನೆಗೆದ ಗೊಮೆಜ್ ಗಾಳಿಯಲ್ಲೇ ತಡೆದು ನಿಲ್ಲುತ್ತಾನೆ.

ಚಪ್ಪಟೆ ಎಂದರೆ ಎಷ್ಟು ಚಪ್ಪಟೆ ಎಂಬುದರಲ್ಲಿ ಎಲ್ಲವೂ ಅಡಗಿದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದರ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯತ್ತ ನೋಡಿ. ಒಂದೂವರೆ ಕಿಲೋಮೀಟರ್ ಉದ್ದ ಮಡಚಿಕೊಂಡು ಅಂಗೈಯಗಲ ಆಗುತ್ತದೆ. ಹತ್ತಿರದ ಕಂಬಕ್ಕೂ ದೂರದ ಕಂಬಕ್ಕೂ ನಡುವೆ ಎಷ್ಟು ನಡಿಗೆ ಇದೆ ಎಂದು ಕಣ್ಣು ಹೇಳಲಾರದು. ಆದರೂ ಒಂದು ಸುಳಿವು ಉಳಿಯುತ್ತದೆ: ದೂರದ ಕಂಬ ಚಿಕ್ಕದಾಗಿ ಕಾಣುತ್ತದೆ. ಫೆಜ್ ಆ ಸುಳಿವನ್ನೂ ಅಳಿಸಿಹಾಕುತ್ತದೆ. ದೂರದ್ದೂ ಹತ್ತಿರದ್ದೂ ಒಂದೇ ಗಾತ್ರ.

ನಮ್ಮ ಹಿತ್ತಲಿನ ಗೋಡೆ ಕೆಲಸಕ್ಕೆ ಬರುವುದು ಇಲ್ಲಿ. ಟಾರ್ಚ್ ಹಿಡಿದು ನೆರಳು ಮೂಡಿಸಿದರೆ, ಟಾರ್ಚಿಗೆ ಹತ್ತಿರದ ವಸ್ತುವಿನ ನೆರಳು ದೊಡ್ಡದಾಗಿ ಬೀಳುತ್ತದೆ, ದೂರದ್ದರ ನೆರಳು ಚಿಕ್ಕದಾಗುತ್ತದೆ. ಸೂರ್ಯ ಕೋಟ್ಯಂತರ ಕಿಲೋಮೀಟರ್ ಆಚೆ ಇರುವುದರಿಂದ ಅವನ ಕಿರಣಗಳು ನಮಗೆ ಸಮಾಂತರವಾಗಿಯೇ ಬರುತ್ತವೆ ಎನ್ನಬಹುದು. ಹಾಗಾಗಿ ತುಳಸಿಕಟ್ಟೆ ನಾಲ್ಕಡಿ ದೂರವಿದ್ದರೂ ನಲವತ್ತಡಿ ದೂರವಿದ್ದರೂ ಗೋಡೆಯ ಮೇಲೆ ಅದರ ಅಗಲ ಬದಲಾಗುವುದಿಲ್ಲ. ಮನೆ ಕಟ್ಟಿಸಿದವರು ಎಂಜಿನಿಯರ್ ಕೊಡುವ ಹಾಳೆಯಲ್ಲಿ ‘ಎಲಿವೇಶನ್’ ಎಂಬ ಚಿತ್ರ ನೋಡಿರುತ್ತಾರೆ. ಪಡಸಾಲೆಯ ಕಂಬ, ಹಿಂದಿನ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಎಲ್ಲ ಒಂದೇ ಸಮತಲದಲ್ಲಿ ಅಂಟಿಸಿದಂತೆ ಕಾಣುವ ಚಿತ್ರ ಅದು. ಫೆಜ್‌ನ ಪರದೆ ಎಂದರೆ ಅಂಥದೇ ಎಲಿವೇಶನ್. ವ್ಯತ್ಯಾಸ ಒಂದೇ: ಈ ಚಿತ್ರದೊಳಗೆ ಒಬ್ಬ ನಡೆದಾಡುತ್ತಿದ್ದಾನೆ, ಚಿತ್ರದಲ್ಲಿ ತಾಗಿದಂತೆ ಕಂಡದ್ದು ಅವನ ಪಾಲಿಗೆ ನಿಜಕ್ಕೂ ತಾಗಿದೆ.

ಚೌಕಾಬಾರದ ಮನೆಗಳಂತೆ ಲೆಕ್ಕ ಹಾಕೋಣ. ಒಂದು ಕಟ್ಟೆ ಎಡದಿಂದ 2ನೆಯ ಮನೆಯಲ್ಲಿ, ಮುಂದಿನಿಂದ 1ನೆಯ ಮನೆಯಲ್ಲಿ, ನೆಲದಿಂದ 3ನೆಯ ಎತ್ತರದಲ್ಲಿದೆ ಎನ್ನಿ. ಇನ್ನೊಂದು ಕಟ್ಟೆ ಎಡದಿಂದ 3, ಮುಂದಿನಿಂದ 9, ಎತ್ತರ ಅದೇ 3. ಎದುರಿನಿಂದ ನೋಡುವಾಗ ‘ಮುಂದಿನಿಂದ ಎಷ್ಟು’ ಎಂಬ ಅಂಕಿಯನ್ನು ಆಟ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿಯುವುದು 2 ಮತ್ತು 3, ಅಂದರೆ ಅಕ್ಕಪಕ್ಕದ ಮನೆಗಳು, ಗೊಮೆಜ್ ಒಂದೇ ಹೆಜ್ಜೆಯಲ್ಲಿ ದಾಟುತ್ತಾನೆ. ಈಗ ಜಗತ್ತನ್ನು ಕಾಲು ಸುತ್ತು ತಿರುಗಿಸಿ. ಈವರೆಗೆ ಎಣಿಕೆಗೆ ಬಾರದಿದ್ದ ಅಂಕಿ ಮೇಲೆ ಬರುತ್ತದೆ, ಎಡದಿಂದ ಎಷ್ಟು ಎಂಬುದು ಮರೆಗೆ ಹೋಗುತ್ತದೆ. ಉಳಿಯುವುದು 1 ಮತ್ತು 9, ನಡುವೆ ಏಳು ಮನೆ ಖಾಲಿ. ಈ ನೋಟದಲ್ಲಿ ನೆಗೆಯಲು ಹೋದವನು ಕೆಳಗೆ ಬೀಳುತ್ತಾನೆ. ಆದರೆ ಎದುರಿನ ನೋಟದಲ್ಲಿ ಆ ಒಂದು ಹೆಜ್ಜೆ ಇಟ್ಟು, ಆಮೇಲೆ ತಿರುಗಿಸಿ ನೋಡಿದರೆ ಅವನು ಏಳು ಮನೆಯಾಚೆ ನಿಂತಿರುತ್ತಾನೆ. ಹಾರಲಿಲ್ಲ, ಮಾಯವಾಗಲಿಲ್ಲ, ಒಂದು ಹೆಜ್ಜೆ ನಡೆದ ಅಷ್ಟೆ.

ಇನ್ನೊಂದು ಮಾತು ಬಹಳ ಆಟಗಾರರ ಗಮನಕ್ಕೆ ತಡವಾಗಿ ಬರುತ್ತದೆ. ನಾಲ್ಕು ನೋಟಗಳಿದ್ದರೂ ‘ಯಾವುದು ಯಾವುದಕ್ಕೆ ಹತ್ತಿರ’ ಎಂಬ ಲೆಕ್ಕ ಎರಡೇ ಬಗೆಯದು. ಹಿಂಭಾಗದ ನೋಟ ಎಂದರೆ ಮುಂಭಾಗದ್ದೇ ಎಡಬಲ ಅದಲುಬದಲಾದ ರೂಪ. 2 ಮತ್ತು 3 ಅಲ್ಲೂ ನೆರೆಹೊರೆಯವೇ. ಹಾಗಾದರೆ ಹಿಂಭಾಗಕ್ಕೆ ತಿರುಗಿಸುವುದು ಏಕೆ? ಮರೆಯಲ್ಲಿರುವುದನ್ನು ಕಾಣಲು. ಮುಂದಿನ ಗೋಡೆ ಮುಚ್ಚಿದ ಬಾಗಿಲು, ಕಂಬದ ಹಿಂದಿನ ಪೆಟ್ಟಿಗೆ ಆಗ ಕಣ್ಣಿಗೆ ಬೀಳುತ್ತವೆ. ದಾರಿ ಬೇಕಾದಾಗ ಕಾಲು ಸುತ್ತು, ಗುಟ್ಟು ಬೇಕಾದಾಗ ಅರ್ಧ ಸುತ್ತು: ನಾನು ಹುಡುಗನಿಗೆ ಹೇಳಿಕೊಟ್ಟ ಸೂತ್ರ ಇದು, ಅವನು ಇವತ್ತಿಗೂ ಅದನ್ನೇ ಪಾಲಿಸುತ್ತಾನೆ.

ಎತ್ತರ ಮಾತ್ರ ಎಂದೂ ಸುಳ್ಳು ಹೇಳುವುದಿಲ್ಲ. ಜಗತ್ತು ಬುಗುರಿಯಂತೆ ನಿಂತಲ್ಲೇ ಸುತ್ತುತ್ತದೆಯೇ ಹೊರತು ಮಗುಚುವುದಿಲ್ಲ. 3ನೆಯ ಎತ್ತರದಲ್ಲಿದ್ದ ಕಟ್ಟೆ ಯಾವ ದಿಕ್ಕಿನಿಂದ ನೋಡಿದರೂ 3ರಲ್ಲೇ ಇರುತ್ತದೆ. ಆದ್ದರಿಂದ ಮೇಲೇರಲು ಮೆಟ್ಟಿಲೋ ಗೋಡೆಗೆ ಹಬ್ಬಿದ ಬಳ್ಳಿಯೋ ನಿಜವಾಗಿ ಬೇಕೇ ಬೇಕು. ಒಂದು ಗೋಪುರದ ಬಳ್ಳಿ ಅರ್ಧಕ್ಕೇ ನಿಂತಿದೆ, ಮುಂದಿನ ತುಂಡು ಇನ್ನೆಲ್ಲೋ ದೂರದ ಗೋಡೆಯ ಮೇಲಿದೆ. ಎರಡೂ ಒಂದೇ ನೇರಕ್ಕೆ ಬರುವ ನೋಟವನ್ನು ಹುಡುಕಿದರೆ ಬಳ್ಳಿ ಪೂರ್ತಿಯಾಗುತ್ತದೆ. ಎಲ್ಲೋ ದಾರಿ ತೋಚದಾದಾಗ ಮೊದಲು ನನ್ನ ಎತ್ತರದಲ್ಲಿ ಏನೇನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಈ ಜಗತ್ತನ್ನು ಕಟ್ಟಿದ ಬಗೆಯನ್ನು ಹೇಳಲು ನನಗೆ ಕಸೂತಿಗಿಂತ ಒಳ್ಳೆಯ ಹೋಲಿಕೆ ಸಿಗುವುದಿಲ್ಲ. ನಮ್ಮ ಅಜ್ಜಿ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ ತೆಗೆಯುವಾಗ ಮೊದಲೇ ಗೆರೆ ಬರೆದುಕೊಂಡವಳಲ್ಲ. ಬಟ್ಟೆಯ ಎಳೆಗಳನ್ನು ಎಣಿಸುವುದು, ಇಷ್ಟು ಎಳೆ ಬಿಟ್ಟು ಸೂಜಿ ಚುಚ್ಚುವುದು. ಮುರ್ಗಿ ಹೊಲಿಗೆ ಮೆಟ್ಟಿಲಿನಂತೆ ಏರುತ್ತಿತ್ತು, ಗವಂತಿಯ ಗೆರೆ ಮುಂದಿನಿಂದಲೂ ಹಿಂದಿನಿಂದಲೂ ಒಂದೇ ರೀತಿ ಕಾಣುತ್ತಿತ್ತು. ನಾನು ಚಿಕ್ಕವನಾಗಿದ್ದಾಗ ಸೆರಗನ್ನು ತಿರುಗಿಸಿ ತಿರುಗಿಸಿ ಯಾವುದು ಒಳಮೈ ಎಂದು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಹಳೆಯ ಆಟಗಳ ಪಿಕ್ಸೆಲ್ ಚಿತ್ರಗಳು ಹೀಗೆಯೇ ಎಣಿಸಿ ಮಾಡಿದವು, ಒಂದೊಂದು ಚುಕ್ಕಿಗೂ ಒಂದೊಂದು ಮನೆ. ಆದರೆ ಬಟ್ಟೆಗೆ ಎರಡೇ ಮೈ. ಫೆಜ್‌ನ ಚಿತ್ರಕ್ಕೆ ನಾಲ್ಕು ಕಡೆಯಿಂದಲೂ ಅಂದವಾಗಿ ಕಾಣುವ ಹೊಣೆ ಇತ್ತು.

ಅದಕ್ಕಾಗಿ ಅವರು ಪಿಕ್ಸೆಲ್ಲಿಗೆ ದಪ್ಪ ಕೊಟ್ಟರು. ಚಪ್ಪಟೆ ಚುಕ್ಕಿಯ ಬದಲು ಪುಟಾಣಿ ಘನ, ಅದಕ್ಕೆ ‘ಟ್ರಿಕ್ಸೆಲ್’ ಎಂದು ಹೆಸರಿಟ್ಟರು. ಉದ್ದ, ಅಗಲ, ಎತ್ತರಕ್ಕೆ ಹದಿನಾರು ಹದಿನಾರು ಟ್ರಿಕ್ಸೆಲ್ ಸೇರಿದರೆ ಒಂದು ಇಟ್ಟಿಗೆ, ಅಂದರೆ 4,096 ಪುಟಾಣಿ ಘನಗಳ ಒಂದು ಗಟ್ಟಿ. ಅದನ್ನು ಬೇಕಾದಂತೆ ಕೆತ್ತಿ, ಒಂದೊಂದು ಮುಖಕ್ಕೂ 16ಕ್ಕೆ 16ರ ಚಿತ್ರ ಬರೆದು, ಇಂಥ ಇಟ್ಟಿಗೆಗಳನ್ನು ಜೋಡಿಸಿ ಊರು ಕಟ್ಟಿದರು. ಎದುರಿನ ನೋಟಕ್ಕೆ ಚಂದವಾಗುವಂತೆ ಒಂದು ಇಟ್ಟಿಗೆ ಸರಿಸಿದರೆ ಪಕ್ಕದ ನೋಟದಲ್ಲಿ ದಾರಿಯೇ ಮುಚ್ಚಬಹುದು. ಐದು ವರ್ಷ ಏಕೆ ಬೇಕಾಯಿತು ಎಂದು ಕೇಳುವವರು ಕಸೂತಿಯಲ್ಲಿ ಒಂದು ಎಳೆ ತಪ್ಪಿದಾಗ ಎಷ್ಟು ಬಿಚ್ಚಬೇಕಾಗುತ್ತದೆ ಎಂಬುದನ್ನು ಹೊಲಿಯುವವರನ್ನು ಕೇಳಬೇಕು.

ಇಷ್ಟು ತಿಳಿದರೆ ಆಟದ ಅರ್ಧ ತಿಳಿಯಿತು. ಆಟದಲ್ಲಿ 32 ಚಿನ್ನದ ಘನಗಳಿವೆ, ಅವುಗಳ ಬಹುಪಾಲು ಕಾಲಿನ ಕೆಲಸಕ್ಕೆ ಸಿಗುತ್ತವೆ. ಇನ್ನೂ 32 ಪ್ರತಿಘನಗಳಿವೆ. ಅವು ಕಾಲಿಗೆ ಸಿಗುವುದಿಲ್ಲ, ತಲೆಗೆ ಮಾತ್ರ ಸಿಗುತ್ತವೆ. ನನಗೆ ಈ ಎರಡನೆಯ ಅರ್ಧವೇ ಹೆಚ್ಚು ಪ್ರಿಯ. ಒಂದು ಗಡಿಯಾರದ ಮುಳ್ಳು ಸುತ್ತು ಮುಗಿಸಲು ನಿಜವಾದ ಒಂದು ವಾರ ತೆಗೆದುಕೊಳ್ಳುತ್ತದೆ. ಅದರ ಪ್ರತಿಘನ ಬೇಕಿದ್ದರೆ ಕಾಯಬೇಕು. ಗೋಡೆಗಳ ಮೇಲೆ ಟೆಟ್ರಿಸ್ ಆಟದ ತುಂಡುಗಳಂಥ ಆಕಾರಗಳನ್ನು ಕೆತ್ತಲಾಗಿದೆ. ಅಲಂಕಾರವೆಂದು ದಾಟಿ ಹೋಗುತ್ತೇವೆ. ಅವು ಒಂದೊಂದೂ ಕೈಯಲ್ಲಿರುವ ಒಂದೊಂದು ಗುಂಡಿಯ ಹೆಸರು ಎಂದು ಗೊತ್ತಾದ ದಿನ, ಹಿಂದೆ ನೋಡಿದ ಗೋಡೆಗಳೆಲ್ಲ ಓದಲು ಬರುವ ಸಾಲುಗಳಾಗುತ್ತವೆ. ಬಾಗಿಲಿಗೆ ಬೀಗ ಹಾಕಿರಲಿಲ್ಲ, ನಮಗೆ ಓದು ಬರುತ್ತಿರಲಿಲ್ಲ.

ಆಟಕ್ಕೆ ತನ್ನದೇ ಲಿಪಿಯೂ ಇದೆ. ಅದನ್ನು ಸ್ವತಃ ಬಿಡಿಸುತ್ತೇನೆ ಎನ್ನುವವರು ಲಿಪಿಯ ಮಾತು ಬಂದಲ್ಲೆಲ್ಲ ಬಿಟ್ಟು ಓದಲಿ. ಈ ಸುಖ ಒಂದೇ ಸಲ ಸಿಗುವಂಥದು, ಅದನ್ನು ಕಸಿಯಲು ನನಗೆ ಮನಸ್ಸಿಲ್ಲ.

ಒಂದು ಕಡೆ ಕಲ್ಲಿನ ಮೇಲೆ ಅಕ್ಷರಗಳಿವೆ, ಪಕ್ಕದಲ್ಲಿ ಒಂದು ನರಿ ಮಲಗಿದ ನಾಯಿಯನ್ನು ಹಾರುತ್ತಿದೆ. ನೋಡಿದ ಕೂಡಲೇ ನನ್ನ ಬೆರಳುಗಳು ತಾವಾಗಿಯೇ ಅಲುಗಾಡಿದವು. ಹುಬ್ಬಳ್ಳಿಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋದವರಿಗೆಲ್ಲ ಆ ನರಿ ಗೊತ್ತು. ‘ದ ಕ್ವಿಕ್ ಬ್ರೌನ್ ಫಾಕ್ಸ್ ಜಂಪ್ಸ್ ಓವರ್ ದ ಲೇಜಿ ಡಾಗ್’ ಎಂಬ ವಾಕ್ಯವನ್ನು ಹಾಳೆಗಟ್ಟಲೆ ಬಡಿದಿದ್ದೇವೆ, ಏಕೆಂದರೆ ಇಂಗ್ಲಿಷಿನ 26 ಅಕ್ಷರಗಳೂ ಅದರೊಳಗೆ ಬರುತ್ತವೆ. ಹಾಗಿದ್ದರೆ ಕಲ್ಲಿನ ಮೇಲಿರುವುದು ಆ ವಾಕ್ಯವೇ ಇರಬಹುದು. ಊಹೆ ಸರಿಯೇ ಎಂದು ಪರೀಕ್ಷಿಸುವುದು ಹೇಗೆ? ವಾಕ್ಯದಲ್ಲಿ 35 ಅಕ್ಷರಗಳಿವೆ. ‘ದ’ ಎಂದು ಓದುವ ಮೂರಕ್ಷರದ ಪದ ಎರಡು ಸಲ ಬರುವುದರಿಂದ ಮೊದಲ ಮೂರು ಗುರುತುಗಳು 26, 27, 28ನೆಯ ಸ್ಥಾನದಲ್ಲಿ ಮತ್ತೆ ಅದೇ ಕ್ರಮದಲ್ಲಿ ಬರಬೇಕು. ‘ಓ’ ಅಕ್ಷರ 11, 15, 22, 34ರಲ್ಲಿ, ಒಟ್ಟು ನಾಲ್ಕು ಸಲ ಬರಬೇಕು. ಈ ಎರಡು ಹೊಂದಿದರೆ ಸಾಕು, ಉಳಿದದ್ದು ಮಣಿ ಪೋಣಿಸಿದಂತೆ ಕೂಡುತ್ತದೆ. ಆಮೇಲೆ ಆಟದ ಯಾವ ಗೋಡೆಯ ಬರಹವನ್ನಾದರೂ ಓದಬಹುದು.

ಲಕ್ಕುಂಡಿಯ ಗುಡಿಗಳಲ್ಲಿ ಹಳಗನ್ನಡದ ಶಾಸನದ ಮುಂದೆ ನಿಂತು, ನಮ್ಮದೇ ಭಾಷೆ, ನಮ್ಮದೇ ಲಿಪಿಯ ಹಳೆಯ ರೂಪ, ಆದರೂ ಒಂದು ಸಾಲೂ ಬಾಯಿಗೆ ಬರುತ್ತಿಲ್ಲ ಎಂದು ಒದ್ದಾಡಿದವರಿಗೆ ಈ ಅನುಭವ ಹೊಸದಲ್ಲ. ಶಾಸನ ಓದಲು ಕಲಿಯುವವರೂ ಗೊತ್ತಿರುವ ಪದದಿಂದಲೇ ಹೊರಡುತ್ತಾರೆ. ‘ಸ್ವಸ್ತಿ’ ಎಂಬ ಆರಂಭವನ್ನು ಗುರುತಿಸಿ, ರಾಜನ ಬಿರುದುಗಳನ್ನು ಗುರುತಿಸಿ, ಅಲ್ಲಿ ಸಿಕ್ಕ ಅಕ್ಷರಗಳನ್ನು ಮುಂದಿನ ಸಾಲಿಗೆ ಹೊತ್ತೊಯ್ಯುತ್ತಾರೆ. ಆ ನರಿ ಮತ್ತು ನಾಯಿ ಫೆಜ್‌ನ ‘ಸ್ವಸ್ತಿ’.

ಎಲ್ಲ ಒಗಟುಗಳೂ ಇಷ್ಟು ನ್ಯಾಯವಾಗಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕಪ್ಪು ಶಿಲೆಯೊಂದರ ಒಗಟು ಇದೆ, ಸರಿಯಾದ ಕ್ರಮದಲ್ಲಿ ಗುಂಡಿಗಳನ್ನು ಒತ್ತಬೇಕು. ಬಿಡುಗಡೆಯಾದ ದಿನಗಳಲ್ಲಿ ಜಗತ್ತಿನ ಆಟಗಾರರು ಸೇರಿ ಸಾಧ್ಯವಿರುವ ಕ್ರಮಗಳನ್ನು ತಮ್ಮೊಳಗೆ ಹಂಚಿಕೊಂಡು, ಒಂದೊಂದಾಗಿ ಒತ್ತಿ ನೋಡಿ ಉತ್ತರ ಕಂಡರು. ಆ ಉತ್ತರ ಏಕೆ ಉತ್ತರ ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇಲ್ಲ. ಆ ಒಗ್ಗಟ್ಟು ಮೆಚ್ಚುವಂಥದೇ. ಆದರೆ ಸುಳಿವಿನಿಂದ ತಲುಪಲಾಗದ ಉತ್ತರ ಒಗಟಿನ ಉತ್ತರವಲ್ಲ, ಬೀಗಕ್ಕೆ ಗೊಂಚಲಿನ ಎಲ್ಲ ಕೀಲಿಗಳನ್ನೂ ಹಾಕಿ ನೋಡಿದಂತೆ. ಇಡೀ ಆಟದಲ್ಲಿ ನನಗೆ ಒಪ್ಪಿಗೆಯಾಗದ ಜಾಗ ಅದೊಂದೇ.

ಸ್ವತಂತ್ರವಾಗಿ ಆಟ ಮಾಡುವುದರ ಬೆಲೆಯನ್ನೂ ಫೆಜ್ ತೋರಿಸಿತು. 2012ರಲ್ಲಿ ಅದಕ್ಕೆ ಹೊರಡಿಸಿದ ತಿದ್ದುಪಡಿಯೊಂದು ಕೆಲವೇ ಆಟಗಾರರ ಉಳಿಸಿಟ್ಟ ಆಟವನ್ನು ಕೆಡಿಸುತ್ತಿತ್ತು. ಅದನ್ನು ಸರಿಪಡಿಸಿ ಮತ್ತೆ ಬಿಡಬೇಕಾದರೆ ಎಕ್ಸ್‌ಬಾಕ್ಸ್‌ನಲ್ಲಿ ಪ್ರಮಾಣೀಕರಣದ ಶುಲ್ಕ ಮತ್ತೆ ಕಟ್ಟಬೇಕಿತ್ತು. ಅಷ್ಟು ಹಣ ತಮ್ಮಿಂದಾಗದು ಎಂದು ಪಾಲಿಟ್ರಾನ್ ಆ ತಿದ್ದುಪಡಿಯನ್ನು ದೋಷದ ಸಮೇತವೇ ಮರಳಿ ಬಿಟ್ಟಿತು. ದೊಡ್ಡ ಕಂಪನಿಗೆ ಲೆಕ್ಕಕ್ಕೇ ಬಾರದ ಖರ್ಚು ಇಬ್ಬರ ಅಂಗಡಿಗೆ ಬೆಟ್ಟವಾಗುತ್ತದೆ. ಮರುವರ್ಷ ಮೈಕ್ರೊಸಾಫ್ಟ್ ಆ ಶುಲ್ಕವನ್ನೇ ಕೈಬಿಟ್ಟಿತು.

ಸಂಗೀತದ ಬಗ್ಗೆ ಒಂದೇ ಮಾತು. ಡಿಸಾಸ್ಟರ್‌ಪೀಸ್ ಎಂಬ ಹೆಸರಿನಲ್ಲಿ ರಿಚ್ ವ್ರೀಲ್ಯಾಂಡ್ ಕೊಟ್ಟಿರುವ ಸಂಗೀತವನ್ನು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಇಯರ್‌ಫೋನ್ ಹಾಕಿ ಕೇಳಬೇಕು.

ಆಡುವವರು ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್ ಇಟ್ಟುಕೊಳ್ಳಲಿ. ಅದಿಲ್ಲದೆ ಎರಡನೆಯ ಅರ್ಧ ಆಗುವುದಿಲ್ಲ. ನಮ್ಮ ಹುಡುಗ ಅಕ್ಕನ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಗುರುತುಗಳನ್ನು ಬರೆದುಕೊಂಡ. ಅವನಿಗೆ ಟೈಪಿಂಗ್ ಕ್ಲಾಸಿನ ನರಿ ಗೊತ್ತಿರಲಿಲ್ಲ. ವಾಕ್ಯವನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಟ್ಟು ನಾನು ಸುಮ್ಮನಿದ್ದೆ. ಅರ್ಧ ಗಂಟೆ ಬಿಟ್ಟು ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಮಾಮಾ, ನಾನು ನೋಡಿ ಬರೆದುಕೊಂಡದ್ದೇ ತಪ್ಪಾಗಿದೆ. ನಾಲ್ಕನೆಯದೂ ಎಂಟನೆಯದೂ ಒಂದೇ ಗುರುತು ಬಂದಿದೆ. ಚೀಟಿಯಲ್ಲಿ ನಾಲ್ಕನೆಯದು ಕ್ಯೂ, ಎಂಟನೆಯದು ಕೆ."

ಪುಸ್ತಕ ತೆಗೆದುಕೊಂಡು ನೋಡಿದೆ. ಅವನು ತಪ್ಪು ಬರೆದಿರಲಿಲ್ಲ. ಆ ಲಿಪಿಯಲ್ಲಿ ಕೆ ಮತ್ತು ಕ್ಯೂ ಎರಡಕ್ಕೂ ಒಂದೇ ಗುರುತು. "ಕ್ವಿಕ್ ಎಂದು ಬಾಯಿಬಿಟ್ಟು ಹೇಳು. ಮೊದಲು ಯಾವ ಸದ್ದು, ಕೊನೆಗೆ ಯಾವ ಸದ್ದು?" ಎಂದೆ. ಹೇಳಿದ. ಇನ್ನೊಮ್ಮೆ ನಿಧಾನವಾಗಿ ಹೇಳಿದ. ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು, ಇಂಥ ಜೋಡಿ ಇನ್ನೊಂದೂ ಇದೆಯೇ ಎಂದು ಹುಡುಕಲು ನೆಲದ ಮೇಲೆಯೇ ಕುಳಿತುಬಿಟ್ಟ. 5 ಮತ್ತು 23ನೆಯ ಗುರುತು ಒಂದೇ ಎಂಬುದು, ಅಂದರೆ ಯು ಮತ್ತು ವಿ ಕೂಡ ಹೀಗೇ ಎಂಬುದು, ನಾನು ಚಹಾ ಕುಡಿದು ಮುಗಿಸುವುದರೊಳಗೆ ಅವನಿಗೆ ಸಿಕ್ಕಿತ್ತು.